ಮೂರನೇ ಸಾಲಿನ ಹುಡುಗಿ

ಪತ್ರಾಗಾರದ ಕಾಶಿಬಾಯಿಗೆ ಬೆಳಗಿನ ಮೊದಲ ಕೆಲಸವೆಂದರೆ ಫೋಟೋಗಳ ಹಾಜರಿ. ಹಳೆಯ ಚಿತ್ರಗಳಲ್ಲಿ ಇರುವವರನ್ನು ದಿನಕ್ಕೊಮ್ಮೆ ಹೆಸರು ಹಿಡಿದು ಕೂಗದಿದ್ದರೆ ಅವರ ಮುಖ ಅಳಿಸಿಹೋಗುತ್ತದೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಪತ್ರಾಗಾರಕ್ಕೆ ಹೊಸದಾಗಿ ಬಂದಿದ್ದ, ಹೆಣ್ಣುಮಕ್ಕಳ ಶಾಲೆಯ ಒಂದು ಫೋಟೋದಲ್ಲಿ ಮೂರನೇ ಸಾಲಿನ ಎರಡು ಜಡೆಯ ಹುಡುಗಿಯ ಹೆಸರು ಯಾವ ಕಾಗದದಲ್ಲೂ ಸಿಕ್ಕಿರಲಿಲ್ಲ. ಸೋಮವಾರ ಅವಳ ಮೂಗು, ಬಾಯಿ ಮಾಸತೊಡಗಿದಾಗ ಕಾಶಿಬಾಯಿಗೆ ತಡೆಯಲಾಗಲಿಲ್ಲ. "ಗೋದಾವರಿ!" ಎಂದು ಬಾಯಿಗೆ ಬಂದ ಹೆಸರನ್ನು ಕೂಗಿಬಿಟ್ಟಳು. ಹುಡುಗಿಯ ಮುಖ ಆಗಷ್ಟೇ ತೊಳೆದ ಹಾಗೆ ಹೊಳೆಯಿತು.

ಗುರುವಾರ ಮುದುಕಿಯೊಬ್ಬಳು ಬಂದು ಅದೇ ಹುಡುಗಿಯ ಮೇಲೆ ಬೆರಳಿಟ್ಟಳು. "ಇಕಿ ನಾನ ನೋಡವಾ."

ಕಾಶಿಬಾಯಿ ಗಡಬಡಿಸಿ ಪೆನ್ನು ಹುಡುಕಿದಳು. "ನಿಮ್ಮ ಹೆಸರೇನ್ರಿ, ಅಮ್ಮಾ?"

"ಗೋದಾವರಿ," ಎಂದ ಮುದುಕಿ ತಾನೇ ಬೆಪ್ಪಾಗಿ ನಿಂತಳು. "ಸೋಮವಾರದಿಂದ ಬಾಯಾಗ ಇದ ಬರ್ತೈತಿ. ರೇಷನ್ ಕಾರ್ಡಿನ್ಯಾಗೂ ಇದ ಐತಿ. ಆದ್ರ ಇದು ನಂದಲ್ಲವಾ. ಮಕ್ಕಳು ಅವ್ವಾ ಅಂತಾರ, ಮೊಮ್ಮಕ್ಕಳು ಆಯಿ ಅಂತಾರ. ಹೆಸರು ಹಿಡಿದು ಕರಿಯಾವ್ರು ಯಾರೂ ಉಳಿದಿಲ್ಲ. ನನ್ನ ಖರೇ ಹೆಸರು ಏನಿತ್ತು, ನಿಮ್ಮ ಕಾಗದದಾಗ ಒಂಚೂರು ನೋಡಿ ಹೇಳವಾ."