ಹೊಸಬಾಳೆಯ ಎಡಗಾಲು

"ಇದರಲ್ಲಿ ಎಷ್ಟು ಕಾಲು ಸತ್ತಿವೆ, ಹೇಳೋ" ಎಂದರು ಗೌರೀಶಂಕರ.

ಶಿಕಾರಿಪುರದ ಅಕ್ಕಿ ಗಿರಣಿಯ ಹಿಂದಿನ ಮೈದಾನದಲ್ಲಿ ಅವರ ಫುಟ್‌ಬಾಲ್ ತಂಡ ಬೆವರು ಸುರಿಸುತ್ತ ಓಡುತ್ತಿತ್ತು. ಗಿರಣಿ ಅವರದು, ತಂಡವೂ ಅವರದು. ಆಡುವವನಿಗೆ ವರ್ಷವಿಡೀ ಗಿರಣಿಯಲ್ಲಿ ಕೆಲಸ, ಮನೆಗೆ ಅಕ್ಕಿ. ತಂಡ ಕಟ್ಟುವ ಜಯಪ್ಪನಿಗೆ ಮಾತ್ರ ಇರಲು ಗಿರಣಿಯದೇ ಮನೆ.

"ಗೋಲಿ ಕರಿಯಣ್ಣಗೆ ಚೆಂಡು ದಾಟಿ ಹೋದ ಮ್ಯಾಲೆ ಕಾಣ್ತೈತಿ ಯಜಮಾನ್ರೇ. ಬ್ಯಾಕ್ ಗೋಪಾಲಪ್ಪನ ಹೊಟ್ಟೆ ಅವನಿಗಿಂತ ಮುಂದೆ ಓಡ್ತೈತಿ. ಇಬ್ಬರನ್ನೂ ಬಿಟ್ಟುಬಿಡ್ರಿ."

ಜಯಪ್ಪನಿಗೆ ಚೆಂಡು ಒದೆಯಲು ಕಲಿಸಿದ್ದೇ ಕರಿಯಣ್ಣ. ಹಾಗೆಂದು ನಾಲಿಗೆಯೇನೂ ತಡವರಿಸಲಿಲ್ಲ.

"ಮತ್ತೆ?"

"ಎಡಗಡೆ ಓಡೋರೇ ಇಲ್ಲ. ಒಳ್ಳೆ ಲೆಫ್ಟ್ ಔಟ್ ಸಿಗಲಿಲ್ಲಂದ್ರೆ ಈ ಸಲ ಕಪ್ ಹೋದಂಗೇ."

"ಕಪ್ ಹೋದರೆ ಮನೆ ಖಾಲಿ ಮಾಡಿ ನೀನೂ ಹೊರಡು."

ಗೌರೀಶಂಕರ ನಗುತ್ತಲೇ ಹೇಳಿದರು. ಜಯಪ್ಪನೂ ನಕ್ಕ. ಆದರೆ ಅವರು ಇಂಥದನ್ನು ತಮಾಷೆಗೆ ಹೇಳುವವರಲ್ಲ ಎಂಬುದು ಅವನಿಗೆ ಗೊತ್ತಿತ್ತು.

ರಾಜ್ಯ ಒಂದಾದ ಮೇಲಿನ ಎರಡನೆಯ ದಸರಾ ಹತ್ತಿರ ಬಂದಿತ್ತು. ದಸರಾ ಪಂದ್ಯವೆಂದರೆ ಶಿಕಾರಿಪುರಕ್ಕೂ ಸೊರಬಕ್ಕೂ ಜಿದ್ದು. ಪಂದ್ಯಕ್ಕೆ ಮೊದಲು ಎರಡೂ ತಂಡದ ಧಣಿಗಳು ಪ್ರವಾಸಿ ಬಂಗಲೆಯ ಜಗಲಿಯಲ್ಲಿ ಕೂತು, ಹೊಸ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಸರದಿಯ ಮೇಲೆ ಒಬ್ಬೊಬ್ಬರನ್ನೇ ಕರೆದುಕೊಳ್ಳುವುದು ವಾಡಿಕೆ. ಹಿಂದಿನ ಸಲ ಸೋತವರಿಗೆ ಮೊದಲ ಕರೆ. ಹೋದ ವರ್ಷ ಶಿಕಾರಿಪುರ ಗೆದ್ದಿತ್ತು. ಹಾಗಾಗಿ ಮೊದಲ ಕರೆ ಸೊರಬದ ಮಾಬ್ಲೇಶ್ವರ ಹೆಗಡೆಯವರದು. ಗೆದ್ದದ್ದೇ ಜಯಪ್ಪನ ಕುತ್ತಿಗೆಗೆ ಬಂದಿತ್ತು.

ಊಟಕ್ಕೆ ಕೂತಾಗ ಹೆಂಡತಿ ತಿಮ್ಮಮ್ಮ ಮಗಳ ಮಾತು ತೆಗೆದಳು.

"ಬಂಗಾರಿಗೆ ಅಣ್ಣ ಒಂದು ಸಂಬಂಧ ನೋಡ್ಯಾನ್ರೀ. ವೀಳ್ಯ ಬದಲಾಗೋ ತನಕ ಯಾರು ಏನು ಅಂತ ಕೇಳಬ್ಯಾಡ್ರಿ. ಮಾತು ಹೊರಗೆ ಬಿದ್ರೆ ಮುರಿಯೋರು ಹುಟ್ಕಂತಾರೆ."

"ನಿಮ್ಮಣ್ಣ ಹೂಂ ಅಂದ್ರೆ ನಂದೂ ಹೂಂ. ಮೊದ್ಲು ಈ ಮನೆ ಉಳೀಲಿ. ಮನೆ ಇಲ್ದೆ ಚಪ್ಪರ ಎಲ್ಲಿ ಹಾಕ್ತೀಯ?"

ಮಗಳೆಂದರೆ ಅವನಿಗೆ ಪ್ರಾಣ. ಅವಳನ್ನು ತನ್ನ ಮನೆಯಂಗಳದಿಂದಲೇ ಕಳಿಸಿಕೊಡಬೇಕೆಂಬುದು ಅವನ ಒಂದೇ ಹಟ. ಕೈ ತೊಳೆದವನೇ ಸೊರಬದ ಬಸ್ಸು ಹತ್ತಿದ.

ಸೊರಬದ ಹತ್ತಿರದ ಹಳ್ಳಿ ಹೊಸಬಾಳೆಯ ಗದ್ದೆಬಯಲಿನಲ್ಲಿ ಸಣ್ಣಪ್ಪನೆಂಬ ಹುಡುಗನನ್ನು ಕಂಡ. ಬರಿಗಾಲು, ಮೊಣಕಾಲಿನ ತನಕ ಕೆಸರು. ಚೆಂಡು ಎಡಗಾಲಿಗೆ ಅಂಟಿಕೊಂಡೇ ಬರುತ್ತಿತ್ತು. ಮೂವರನ್ನು ದಾಟಿ, ತಿರುಗಿಯೂ ನೋಡದೆ ಒದೆದ. ಇಂಥವನನ್ನು ಹೆಗಡೆ ಬಿಟ್ಟಾರೆಯೇ?

ಜಯಪ್ಪ ಕೆಟ್ಟವನಲ್ಲ ಎನ್ನೋಣವೆಂದರೆ ಮುಂದೆ ಮಾಡಿದ ಕೆಲಸ ಬಾಯಿ ಕಟ್ಟುತ್ತದೆ. ಸೊರಬದ ಹೋಟೆಲಿನಲ್ಲಿ ಹೆಗಡೆಯವರ ಗುಮಾಸ್ತ ಕಾಫಿ ಕುಡಿಯುತ್ತಿದ್ದ. ಜಯಪ್ಪ ಬೇಕೆಂದೇ ಪಕ್ಕದಲ್ಲಿ ಕೂತ. ಲೊಚಗುಟ್ಟಿದ.

"ಪಾಪ, ಹೊಸಬಾಳೆ ಸಣ್ಣಪ್ಪ. ಬಂಗಾರದಂಥ ಹುಡುಗ. ಆಡ್ತಾ ಆಡ್ತಾ ದಡಕ್ಕನೆ ಬಿದ್ದ ನೋಡ್ರಿ! ಬಾಯಾಗೆಲ್ಲ ನೊರೆ. ಕೈಗೆ ಕಬ್ಬಿಣ ಕೊಟ್ಟ ಮ್ಯಾಲೇ ಎದ್ದಿದ್ದು. ಯಾರಿಗೂ ಹೇಳಬ್ಯಾಡ್ರಿ, ಮದುವೆ ಆಗೋ ಹುಡುಗ."

ಯಾರಿಗೂ ಹೇಳಬೇಡಿ ಎಂದ ಮೇಲೆ ಕೇಳಬೇಕೇ? ವಾರ ಕಳೆಯುವುದರಲ್ಲಿ ಸಂತೆಯಲ್ಲೆಲ್ಲ ಅದೇ ಮಾತು.

ಕರೆಯುವ ದಿನ ಬೆಳಗ್ಗೆ ಬಂಗಲೆಯ ಮುಂದೆ ಜನವೋ ಜನ. ಸಾಲಿನಲ್ಲಿ ಸಣ್ಣಪ್ಪನ ಆಚೀಚೆ ನಿಂತಿದ್ದವರು ತುಸು ಸರಿದೇ ನಿಂತಿದ್ದರು. ಹೆಗಡೆ ಅವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಜಯಪ್ಪನ ಕಡೆ ತಿರುಗಿದರು.

"ನೀನೂ ಹೊಸಬಾಳೆಗೆ ಹೋಗಿದ್ಯಂತಲ್ಲೋ. ಹುಡುಗ ಬಿದ್ದದ್ದು ನಿಜವನಾ?"

ಸುಳ್ಳೆಂದರೆ ಹುಡುಗ ಸೊರಬಕ್ಕೆ. ನಿಜವೆಂದರೆ ಅಷ್ಟು ಜನರ ಮುಂದೆ ಹುಡುಗನ ಬಾಳಿಗೆ ಮುದ್ರೆ ಒತ್ತಿದ ಹಾಗೆ.

"ಕಣ್ಣಾರೆ ನೋಡೀನಿ ಹೆಗಡೇರೇ" ಎಂದ.

ಸಣ್ಣಪ್ಪ ತಲೆ ತಗ್ಗಿಸಿದ. ಹೆಗಡೆ ಬೇರೊಬ್ಬನನ್ನು ಕರೆದರು. ಆ ಉಸಿರಿನಲ್ಲೇ ಗೌರೀಶಂಕರ, "ಹೊಸಬಾಳೆ ಸಣ್ಣಪ್ಪ" ಎಂದರು. ಜನ ಗೊಳ್ಳೆಂದು ನಕ್ಕಿತು. ಹೆಗಡೆಯವರ ಮುಖ ಮಾತ್ರ ಸುಟ್ಟ ಬದನೆಕಾಯಿಯಾಯಿತು.

ಹುಡುಗ ಜಯಪ್ಪನ ಎದುರು ಬಂದು ನಿಂತ. ಕಣ್ಣು ಕೆಂಪಾಗಿತ್ತು.

"ನಾನ್ಯಾವತ್ತೂ ಬಿದ್ದಿಲ್ರೀ. ನಿಮ್ಮ ಕಡೆಯೋರು ನನ್ನ ಬ್ಯಾಡ ಅಂದ್ರು. ನೀವು ನೋಡಿದ್ರೆ ಬೇಕು ಅಂತೀರಿ. ನಂಗೊಂದೂ ತಿಳೀತಿಲ್ಲ."

ತಂಡದ ಹಳಬರು ಏನೋ ಗೊಣಗಿರಬೇಕು ಎಂದುಕೊಂಡ ಜಯಪ್ಪ. "ಅವರ ಮಾತು ಬಿಡೋ. ನಾಳೆಯಿಂದ ಗಿರಣಿಗೆ ಬಾ" ಎಂದು ಬೆನ್ನು ತಟ್ಟಿದ. ಗೌರೀಶಂಕರ ಹತ್ತಿರ ಕರೆದು, "ಮನೆ ಇನ್ನು ನಿನ್ನದೇ ಅಂದುಕೊ" ಎಂದರು.

ಮಲ್ಲಿಗೆ ದಂಡೆ, ಮಿಠಾಯಿ ಪೊಟ್ಟಣ ಹಿಡಿದು ಜಯಪ್ಪ ಮನೆಗೆ ಬಂದ. ಪಡಸಾಲೆಯಲ್ಲಿ ವೀಳ್ಯದೆಲೆ, ಅಡಿಕೆ ಚೆಲ್ಲಿದ್ದವು. ಒಳಗೆ ಬಂಗಾರಿ ಬಿಕ್ಕಳಿಸುತ್ತಿದ್ದಳು.

"ನೀವು ಬಂಗಲೆಗೆ ಹೋದಾಗ ಅಣ್ಣ ಬಂದು ವೀಳ್ಯ ಮುಗಿಸ್ಯಾನ್ರೀ" ಎಂದಳು ತಿಮ್ಮಮ್ಮ. "ಗಂಡು ತೊಗರ್ಸಿ ಮಲ್ಲಿಕಾರ್ಜುನಪ್ಪ. ನಿಮ್ಮ ವಾರಗೆಯೋರೇ, ನಿಮ್ಮಷ್ಟೇ ವಯಸ್ಸು, ಎರಡನೇ ಸಂಬಂಧ. ಆದ್ರೂ ಮೈಯಾಗೆ ರೋಗ ರುಜಿನ ಇಲ್ಲ. ಮೊದ್ಲು ನೋಡಿದ್ದು ಹೊಸಬಾಳೆ ಸಣ್ಣಪ್ಪ ಅನ್ನೋ ಹುಡುಗನ್ನ. ಬಂಗಾರಿನೂ ಒಪ್ಪಿ ಕುಣೀತಿದ್ಲು. ಮೂರ್ಛೆ ರೋಗ ಅಂತೆ! ಹುಡುಗಿಗೆ ಹೆಸರು ಕೆಡೋದ್ರೊಳಗೆ ಬ್ಯಾರೆ ಕಡೆ ಕೊಟ್ಟುಬಿಡಾನ ಅಂದ ಅಣ್ಣ."

ಜಯಪ್ಪ ದಂಡೆ, ಪೊಟ್ಟಣ ಎರಡನ್ನೂ ಚೆಲ್ಲಿದ ವೀಳ್ಯದೆಲೆಯ ಮೇಲೆ ಇಟ್ಟ. ತಿಮ್ಮಮ್ಮ ಕೈ ಮುಗಿದು ದೇವರ ಪಟದ ಕಡೆ ತಿರುಗಿದಳು.

"ಸೊರಬದ ಹೋಟ್ಲಾಗೆ ಯಾರೋ ಪುಣ್ಯಾತ್ಮ ಹೇಳಿದ್ನಂತೆ. ಅವನ ಮಕ್ಕಳು ತಣ್ಣಗಿರಲಿ."