ಹತ್ತು ಎಣಿಸುವಷ್ಟು ಹೊತ್ತು

ಹೆಸರು ಓದಬೇಡಿ ಎಂದು ಹೇಳಲು ಸತ್ತವನ ಅಕ್ಕ ಸಲೂನಿನ ಮೆಟ್ಟಿಲು ಹತ್ತಿ ಬಂದಾಗ ಕ್ಷೌರಿಕ ಗಿರಾಕಿಯೊಬ್ಬನ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ. ಹಿಂದೆಂದೂ ನೋಡಿರದಿದ್ದರೂ ಕನ್ನಡಿಯಲ್ಲೇ ಗುರುತು ಹಿಡಿದ. ಅದೇ ಮೂಗು, ಅದೇ ಗಲ್ಲ. ಸತ್ತವನೇ ತಲೆಗೆ ಬಟ್ಟೆ ಹೊದ್ದು ಬಂದು ನಿಂತ ಹಾಗಿತ್ತು.

"ಕೂತ್ಕೊಳ್ಳಿ ಅಕ್ಕ," ಎಂದ. ಸತ್ತವನು ಅವಳನ್ನು ಹಾಗೆ ನೆನೆಯುತ್ತಿದ್ದುದನ್ನು ಹನ್ನೊಂದು ವರ್ಷ ಕೇಳಿ ಕೇಳಿ ಅವನ ಬಾಯಿಗೂ ಅದೇ ಬಂದಿತ್ತು.

ಅಕ್ಕ ಕೂರಲಿಲ್ಲ. "ನಾಡಿದ್ದು ನಿಮ್ಮ ಮೆರವಣಿಗೆಯಂತೆ. ಸತ್ತವರ ಹೆಸರನ್ನ ಮೈಕಲ್ಲಿ ಓದ್ತೀರಂತೆ. ನನ್ನ ತಮ್ಮಂದು ಓದ್ಬೇಡಿ."

ಊರಿನವರು ಕಣ್ಣು ಮಿಟುಕಿಸಿ 'ಅಂಥವರ ಬೀದಿ' ಎನ್ನುವ ಬೀದಿ ಅದು. ಗಂಡನ್ನು ಮೆಚ್ಚಿದ ಗಂಡು, ಹೆಣ್ಣನ್ನು ಮೆಚ್ಚಿದ ಹೆಣ್ಣು, ಮನೆಯಿಂದ ಹೊರಬಿದ್ದವರೆಲ್ಲ ಬಂದು ಸೇರುವ ಜಾಗ. ನಾಲ್ಕು ಬಾರು, ಎರಡು ಡಾನ್ಸ್ ಹಾಲು, ಮೂಲೆಯಲ್ಲಿ ಈ ಸಲೂನು. ವರ್ಷಕ್ಕೊಮ್ಮೆ ಬಣ್ಣಬಣ್ಣದ ಮೆರವಣಿಗೆ. ಉಳಿದ ದಿನ ಈ ಕಡೆ ತಲೆ ಹಾಕಿಯೂ ಮಲಗದವರು ಅವತ್ತು ಫೋಟೋ ಹಿಡಿಯಲು ಸಂಸಾರ ಸಮೇತ ಹಾಜರು. ಮೆರವಣಿಗೆ ಚೌಕ ಮುಟ್ಟಿದಾಗ ವಾದ್ಯ ನಿಲ್ಲುತ್ತದೆ. ಆ ವರ್ಷ ಬೀದಿ ಕಳೆದುಕೊಂಡವರ ಹೆಸರನ್ನು ಕ್ಷೌರಿಕ ಓದುತ್ತಾನೆ. ಮನೆಯವರು ಬೇಡವೆಂದರೆ ಆ ಹೆಸರಿನ ಜಾಗದಲ್ಲಿ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾನೆ. ಈ ನಿಯಮ ಮಾಡಿದವನೂ ಅವನೇ. ಹಿಂದೊಮ್ಮೆ ಓದಿದ ಹೆಸರು ಪತ್ರಿಕೆಯಲ್ಲಿ ಬಂದು, ಸತ್ತವನ ತಂಗಿಯನ್ನು ಗಂಡನ ಮನೆಯವರು ಪೆಟ್ಟಿಗೆ ಸಮೇತ ಹೊರಗೆ ಹಾಕಿದ್ದರು. ಸತ್ತವರ ಹೆಸರಿಗಾಗಿ ಬದುಕಿದ್ದವರು ಬೀದಿಪಾಲಾಗುವುದು ಬೇಡ ಎಂದು ಅಂದು ಕ್ಷೌರಿಕ ಎಲ್ಲರೆದುರು ಮಾತು ಕೊಟ್ಟಿದ್ದ.

"ಹೆಸರು ಬೇಡ ಬಿಡಿ," ಎಂದ ಈಗ. "ಇಲ್ಲಿ ಎಲ್ಲರೂ ಅವನನ್ನ ಗಿರಗಿಟ್ಲೆ ಅಂತಿದ್ರು. ಕುಣಿಯೋಕೆ ನಿಂತ್ರೆ ಹಾಗೆ ತಿರುಗ್ತಿದ್ದ. ಅದನ್ನಾದ್ರೂ ಓದ್ತೀನಿ."

"ಅದೂ ಬೇಡ. ಆ ಹೆಸರಲ್ಲಿ ಅವನ ಕುಣಿತದ ವಿಡಿಯೋ ಇದೆಯಂತೆ. ನನ್ನ ಮಗಳ ಮದುವೆಗೆ ಇನ್ನು ಎಂಟೇ ದಿನ. ಹುಡುಗಿ ಸೋದರಮಾವ ಜ್ವರದಲ್ಲಿ ತೀರ್ಕೊಂಡ ಅಂತ ಬೀಗರಿಗೆ ಹೇಳಿದೀವಿ."

ಜ್ವರವಂತೆ. ಡಾನ್ಸ್ ಹಾಲಿನ ಹಿಂದಿನ ಸಂದಿಯಲ್ಲಿ ಮೂರು ಜನ ಸೇರಿ ಕಬ್ಬಿಣದ ಸರಳಿನಿಂದ ಬಡಿದದ್ದಕ್ಕೆ ಜ್ವರವೆಂದು ಹೆಸರು. ಆಸ್ಪತ್ರೆಯಲ್ಲಿ "ನೀವು ರೋಗಿಗೆ ಏನಾಗಬೇಕು" ಎಂದು ಕೇಳಿದಾಗ, ಅವನೊಂದಿಗೆ ಹನ್ನೊಂದು ವರ್ಷ ಸಂಸಾರ ಮಾಡಿದ್ದ ಕ್ಷೌರಿಕ ನಾಲಿಗೆ ಹೊರಳದೆ "ರೂಮ್‌ಮೇಟು" ಎಂದುಬಿಟ್ಟಿದ್ದ. ಒಳಗೆ ಬಿಡಲಿಲ್ಲ. ಹೆಣ ಕೊಟ್ಟದ್ದೂ ಮನೆಯವರಿಗೆ. ಇನ್ನು ಅವನ ಪಾಲಿಗೆ ಉಳಿದದ್ದು ಆ ಹೆಸರನ್ನು ಒಂದು ಸಲ, ನಾಲ್ಕು ಜನರ ಮುಂದೆ, ಬಾಯ್ತುಂಬ ಹೇಳುವುದು ಮಾತ್ರ.

"ಆಗೋ ಮದುವೆಗೆ ಕಲ್ಲು ಹಾಕ್ಬೇಡಿ," ಎಂದಳು ಅಕ್ಕ. "ನನಗೇನು ಅವನು ಬೇಡವಾದವನಾ? ನಾನೇ ಎತ್ತಿ ಆಡಿಸಿದವಳು."

ಕ್ಷೌರಿಕನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಪರರ ಮನೆಯವರು ಬಂದಾಗ ಒಂದು ನ್ಯಾಯ, ತನ್ನವನ ಮನೆಯವರು ಬಂದಾಗ ಇನ್ನೊಂದು ನ್ಯಾಯ ಮಾಡಲು ಬರುವುದಿಲ್ಲವಲ್ಲ. ಡ್ರಾಯರಿನಿಂದ ಪಟ್ಟಿ ತೆಗೆದು ಅಕ್ಕನ ಎದುರಿಗೇ ಹೆಸರನ್ನು ಹೊಡೆದುಹಾಕಿದ. ಅವಳು ಹೋಗುವ ಹೊತ್ತಿಗೆ ಗಿರಾಕಿಯ ಗಡ್ಡದ ಮೇಲೆ ನೊರೆ ಒಣಗಿತ್ತು.

ಮೆರವಣಿಗೆಯ ಸಂಜೆ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ವಾದ್ಯ ನಿಂತಿತು. ಆ ವರ್ಷ ಸತ್ತವರು ಹತ್ತೊಂಬತ್ತು ಜನ. ಓದಬಹುದಾದ ಹೆಸರು ಎಂಟು. ಒಂದು ಹೆಸರು, ಒಂದು ಮೌನ, ಮತ್ತೆ ಒಂದು ಮೌನ. ಹೊಸದಾಗಿ ನೋಡಲು ಬಂದವರು ಮೈಕು ಕೆಟ್ಟಿದೆಯೆಂದುಕೊಂಡು ಹಿಂದಿನಿಂದ ಕೂಗಿದರು. ಗೊತ್ತಿದ್ದವರು ಅವರನ್ನು ಗದರಿಸಿದರು. ಆರನೆಯ ಮೌನ ಕ್ಷೌರಿಕನ ಗಿರಗಿಟ್ಲೆಯದು. ಹತ್ತು ಎಣಿಸುವ ಬದಲು ಆ ಹೆಸರನ್ನೇ ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಳ್ಳೋಣವೆಂದು ಶುರು ಮಾಡಿದ. ನಾಲ್ಕನೆಯ ಸಲಕ್ಕೆ ಗುಂಪಿನಲ್ಲಿ ಯಾರದೋ ಫೋನು ರಿಂಗಾಯಿತು.

"ಹೂಂ, ಹೇಳಿ ಬೀಗರೇ," ಎಂದಿತು ತಗ್ಗಿಸಿದ ಹೆಣ್ಣುದನಿ. "ಇಲ್ಲೇ ಮಾರ್ಕೆಟ್ಟಲ್ಲಿದೀನಿ. ಇಲ್ಲ ಇಲ್ಲ, ಹೇಳಿ ಪರವಾಗಿಲ್ಲ."

ಆ ನಿಶ್ಶಬ್ದದಲ್ಲಿ ಅದು ವೇದಿಕೆಯವರೆಗೂ ಕೇಳಿಸಿತು. ಕ್ಷೌರಿಕನಿಗೆ ಎಣಿಕೆ ತಪ್ಪಿತು. ಏಳೋ ಎಂಟೋ ಆಗಿರಬೇಕು ಎಂದುಕೊಂಡು ಮುಂದಿನ ಹೆಸರಿಗೆ ಹೋದ.

ಎಲ್ಲ ಮುಗಿದು ಮತ್ತೆ ವಾದ್ಯ ಶುರುವಾದ ಮೇಲೆ ಜನರನ್ನು ಸರಿಸಿಕೊಂಡು ಅಕ್ಕ ವೇದಿಕೆಯ ಹತ್ತಿರ ಬಂದಳು. ಕೈಯಲ್ಲಿ ಇನ್ನೂ ಫೋನಿತ್ತು. ಅತ್ತು ಅತ್ತು ಕಣ್ಣು ಊದಿತ್ತು.

"ಮನಸ್ಸು ತಡೀಲಿಲ್ಲ, ಬಂದೆ," ಎಂದಳು. "ಎಷ್ಟೊಂದು ಸಲ ಸುಮ್ನೆ ನಿಂತ್ರಿ. ಅದ್ರಲ್ಲಿ ನಮ್ಮವನದು ಯಾವುದು?"

ಕೊನೆಯದು ಎಂದಿದ್ದರೆ ಯಾರಪ್ಪನ ಗಂಟೂ ಹೋಗುತ್ತಿರಲಿಲ್ಲ. ಕೊನೆಯ ಮೌನದಲ್ಲಿ ಒಂದು ಕೆಮ್ಮು ಕೂಡ ಕೇಳಿಸಿರಲಿಲ್ಲ. ಕ್ಷೌರಿಕ ಬಾಯಿ ತೆರೆದದ್ದೂ ಅದನ್ನು ಹೇಳಲೆಂದೇ.

"ನಿಮಗೆ ಫೋನ್ ಬಂತಲ್ಲ ಅಕ್ಕ," ಎಂದ, "ಅದು."