ಹಿಡಿಕೆಗೆ ಬಂದ ಭಾರ

ಕಾರ್ಖಾನೆಯ ಚಿಮಣಿಯ ನಡುವಿನಿಂದ ಮೇಲಕ್ಕೆ ಮಂಜು ಕವಿದಿತ್ತು. ಅದರೊಳಗಿಂದ ಗಂಡನನ್ನು ಕೆಳಗಿಳಿಸುತ್ತಿದ್ದ ಸೊಸೆಯ ಕೈಗೆ, ಹಗ್ಗ ಸುತ್ತುವ ವಿಂಚಿನ ಹಿಡಿಕೆ ಇದ್ದಕ್ಕಿದ್ದಂತೆ ಭಾರವಾಯಿತು. ಸ್ವಲ್ಪ ಅಲ್ಲ, ಸರಿಯಾಗಿ ಎರಡರಷ್ಟು.

"ಮಾವಾ, ಬೇಗ ಬನ್ನಿ ಇಲ್ಲಿ!" ಎಂದು ಕೂಗಿ, ಗೇರಿನ ಹಲ್ಲಿಗೆ ತಡೆಕೊಂಡಿ ಸಿಕ್ಕಿಸಿ ನಿಲ್ಲಿಸಿದಳು.

ಚಿಮಣಿಗಳಿಗೆ ಬಣ್ಣ ಹೊಡೆಯುವ ಮನೆತನ ಅದು. ಮಗ ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಮೇಲೆ ಹೋಗುವುದು, ಸೊಸೆ ವಿಂಚ್ ತಿರುಗಿಸುವುದು, ಮಾವ ಬಣ್ಣ ಕಲಸುತ್ತ ಇಬ್ಬರಲ್ಲೂ ತಪ್ಪು ಹುಡುಕುವುದು. ಈಗಲೂ ಅವನು ಕಲಸುವ ಕೋಲು ಹಿಡಿದುಕೊಂಡೇ ಬಂದ.

"ಗೇರ್ ಜಾರಿ ಸ್ಪೀಡ್‌ಗೆ ಬಿದ್ದಿರುತ್ತೆ. ಕೊಂಡಿ ಸರಿಯಾಗಿ ಹಾಕು ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ ನಾನು?"

ಆ ವಿಂಚಿಗೆ ಎರಡು ಗೇರು. ನಿಧಾನದ್ದರಲ್ಲಿ ಹತ್ತು ಹಲ್ಲಿನ ಚಕ್ರ ಎಂಬತ್ತು ಹಲ್ಲಿನದನ್ನು ತಿರುಗಿಸುತ್ತದೆ. ಹಿಡಿಕೆ ಎಂಟು ಸುತ್ತು ಬಂದರೆ ಹಗ್ಗದ ಡ್ರಮ್ಮು ಒಂದು ಸುತ್ತು. ಕೈಗೆ ಬರುವುದು ಎಂಟರಲ್ಲೊಂದು ಪಾಲು ಭಾರ. ಸ್ಪೀಡ್ ಗೇರಿನಲ್ಲಿ ಹದಿನೆಂಟು ಹಲ್ಲು, ಎಪ್ಪತ್ತೆರಡು ಹಲ್ಲು. ನಾಲ್ಕೇ ಸುತ್ತಿಗೆ ಕೆಲಸ ಮುಗಿಯುತ್ತದೆ, ಆದರೆ ಭಾರ ನಾಲ್ಕರಲ್ಲೊಂದು ಪಾಲು. ಮದುವೆಯಾದ ಹೊಸದರಲ್ಲಿ ಸೊಸೆ, ಬೇಗವೂ ಆಗಬೇಕು ಹಗುರವೂ ಇರಬೇಕು ಎಂದಾಗ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂದ್ರೆ ನಡೆಯಲ್ಲಮ್ಮ. ಗೇರು ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಳ್ಳುತ್ತೆ."

"ಸ್ಪೀಡ್ ಗೇರಾಗಿದ್ರೆ ಹಗ್ಗಾನೂ ಎರಡರಷ್ಟು ಬೇಗ ಬಿಚ್ಕೋಬೇಕಿತ್ತಲ್ವಾ ಮಾವ? ಬಿಚ್ಕೊಳ್ಲಿಲ್ಲ."

ಅವಳು ಬೆರಳಿಗೆ ಬಣ್ಣ ಹಚ್ಚಿಕೊಂಡು ಡ್ರಮ್ಮಿನ ಅಂಚಿಗೊಂದು ಗುರುತಿಟ್ಟಳು. ಕೊಂಡಿ ಎತ್ತಿ, ಹಲ್ಲು ಕಚ್ಚಿಕೊಂಡು ಹಿಡಿಕೆಯನ್ನು ಇಳಿಕೆಗೆ ಬಿಡುತ್ತ ಎಣಿಸಿದಳು. ಎಂಟು ಸುತ್ತಿಗೆ ಗುರುತು ಸ್ವಸ್ಥಾನಕ್ಕೆ ಬಂತು. ಗೇರು ಜಾರಿರಲಿಲ್ಲ. ಜಾಸ್ತಿಯಾಗಿದ್ದು ಹಗ್ಗದ ತುದಿಯ ಭಾರವೇ.

ಗಂಡ, ಹಲಗೆ, ಬಣ್ಣದ ಬಕೆಟ್ಟು ಎಲ್ಲ ಸೇರಿ ಅರವತ್ತನಾಲ್ಕು ಕಿಲೊ. ಕೈಗೆ ಎಂಟು ಬರಬೇಕು. ಮಾವ ಅವಳನ್ನು ಪಕ್ಕಕ್ಕೆ ಸರಿಸಿ ಹಿಡಿಕೆ ಹಿಡಿದು ಕಣ್ಣು ಮುಚ್ಚಿದ. ತೂಕದ ವಿಷಯದಲ್ಲಿ ಅವನ ಕೈ ತಕ್ಕಡಿಗಿಂತ ನಂಬಿಕಸ್ಥ.

"ಹದಿನಾರು," ಎಂದ ಮೆಲ್ಲಗೆ. "ಎಂಟು ಹೆಚ್ಚಿಗೆ. ಎಂಟೆಂಟ್ಲೆ ಅರವತ್ತನಾಲ್ಕು. ನಮ್ಮ ದೊಡ್ಡವನ ತೂಕ ಕಣಮ್ಮ ಇದು!"

ದೊಡ್ಡವನೆಂದರೆ ಅವಳ ಭಾವ. ಹೋದ ಚಳಿಗಾಲದಲ್ಲಿ ಇದೇ ಚಿಮಣಿಯಿಂದ ಬಿದ್ದು ತೀರಿಹೋದವನು. ಅವತ್ತಿನಿಂದ ಮಾವ ಅವನ ಮಾತೆತ್ತಿರಲಿಲ್ಲ. ಈಗ ಮುದುಕನ ಮುಖ ಅರಳಿತ್ತು. ಅದನ್ನು ನೋಡಿಯೇ ಸೊಸೆಗೆ ಹೆದರಿಕೆಯಾಯಿತು.

"ಮಾವ, ಆ ಹಗ್ಗ ಒಬ್ಬರಿಗೆ ಅಂತ ಇರೋದು. ಇಬ್ಬರನ್ನ ತಾಳಲ್ಲ."

"ಅದಕ್ಕೇ ನಿಧಾನವಾಗಿ ಇಳಿಸ್ತಿದ್ದೀನಿ. ಆತುರಗಾರನಿಗೆ ಬುದ್ಧಿ ಮಟ್ಟ," ಎಂದ ಅವನು, ಆಗಲೇ ಹಿಡಿಕೆಯನ್ನು ಇಳಿಕೆಗೆ ತಿರುಗಿಸುತ್ತ.

ಅಷ್ಟರಲ್ಲಿ ಸನ್ನೆಯ ಗಂಟೆ ಎರಡು ಸಲ ಬಡಿಯಿತು. ಮೇಲಿದ್ದವನು ದಾರ ಎಳೆದರೆ ಕೆಳಗೆ ವಿಂಚಿನ ಪಕ್ಕ ಬಡಿಯುವ ಗಂಟೆ ಅದು. ಒಂದು ಸಲ ಬಡಿದರೆ ಇಳಿಸು, ಎರಡು ಸಲ ಬಡಿದರೆ ನಿಲ್ಲಿಸು.

"ನಿಲ್ಲಿಸು ಅಂತಿದ್ದಾರೆ ಮಾವ!"

"ಅಲ್ಲ ಕಣೇ ಪೆದ್ದಿ. ಒಬ್ಬೊಬ್ಬ ಒಂದೊಂದು ಸಲ ಎಳೀತಿದ್ದಾನೆ. ಇಬ್ಬರೂ ಬರ್ತಿದ್ದೀವಿ ಅಂತ ಹೇಳ್ತಿದ್ದಾರೆ."

ಗಂಟೆ ಮತ್ತೆ ಎರಡು ಸಲ ಬಡಿಯಿತು. ಮತ್ತೆ ಎರಡು. ಆಮೇಲೆ ಬಿಡುವೇ ಇಲ್ಲದೆ ಬಡಿಯತೊಡಗಿತು. ಮಾವ ತಿರುಗಿಸುತ್ತಲೇ ಇದ್ದ. ಸೊಸೆ ಅವನ ಮಣಿಕಟ್ಟು ಹಿಡಿದು ಜಗ್ಗಿದಳು. "ಹೋದವನ ಆಸೆಗೆ ಇರೋನನ್ನೂ ಕಳ್ಕೋತೀರಾ?" ಎಂದಳು. ಮುದುಕನಿಗೆ ಅದು ಕೇಳಿಸಲೇ ಇಲ್ಲ.

ಮಂಜಿನಿಂದ ಮೊದಲು ಗಂಡನ ಕಾಲು ಕಂಡಿತು, ಆಮೇಲೆ ಹಲಗೆ. ಕೆಳಗಿಳಿದು ಹತ್ತಿರ ಬಂದಾಗ ನೋಡಿದರೆ ಅವನು ಹಲಗೆಯ ಒಂದು ತುದಿಗೆ ಮುದುಡಿ ಕೂತಿದ್ದ. ಉಳಿದ ಜಾಗವೆಲ್ಲ ಖಾಲಿ. ಹಾಗೆ ಕೂತರೆ ಹಲಗೆ ಅವನ ಕಡೆಗೆ ವಾಲಬೇಕಿತ್ತು. ಅದು ನೀರು ನಿಂತ ಹಾಗೆ ಸಮನಾಗಿತ್ತು. ಸೊಸೆ ನುಗ್ಗಿ ಹಲ್ಲಿಗೆ ಕೊಂಡಿ ಬಡಿದಳು. ನೆಲಕ್ಕೆ ಇನ್ನೂ ಆಳೆತ್ತರ ಇರುವಾಗ ಹಲಗೆ ಜಗ್ಗಿ ನಿಂತಿತು.

"ಬಂದ್ಯಾ ಕಂದಾ?" ಎಂದ ಮಾವ. ಅವನ ಕಣ್ಣು ಆ ಖಾಲಿ ಜಾಗದ ಮೇಲಿತ್ತು.

ಗಂಡ ಪಕ್ಕಕ್ಕೆ ತಿರುಗದೆ, ತುಟಿ ಮಾತ್ರ ಅಲ್ಲಾಡಿಸಿದ. "ಮೇಲಕ್ಕೆ ಎಳೀರಿ ಅಪ್ಪ. ಇದು ಅಣ್ಣ ಅಲ್ಲ."

ಮಾವ ಗಡಬಡಿಸಿ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದ. ಅದು ಸಲೀಸಾಗಿ ತಿರುಗಿತು. ಕೈಗೆ ಬಂದಿದ್ದು ಎಂಟೇ ಕಿಲೊ. ಮೇಲೆ ಹಲಗೆ ಗಂಡ ಕೂತಿದ್ದ ತುದಿಗೆ ಸರಕ್ಕನೆ ವಾಲಿತು. ಅವನ ಪಕ್ಕದಲ್ಲಿದ್ದದ್ದು ಆಗಲೇ ನೆಲಕ್ಕಿಳಿದಿತ್ತು.